ಗುಲಾಬಿ ತುಟಿಯ ನಂತರ

2004ರಲ್ಲಿ ಎಚ್‌ಬಿಒ ವಾಹಿನಿಗಾಗಿ ಜೋಸೆಫ್ ಸಾರ್ಜೆಂಟ್ ನಿರ್ದೇಶಿಸಿದ ‘ಸಮ್‌ಥಿಂಗ್ ದ ಲಾರ್ಡ್ ಮೇಡ್’ ಚಿತ್ರ ನೋಡಿದವರಿಗೆ ಒಂದು ದೃಶ್ಯ ಮರೆಯುವುದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಒಂದು ಹಸುಗೂಸು. ರಕ್ತನಾಳಕ್ಕೆ ಹಾಕಿದ್ದ ಕ್ಲಾಂಪುಗಳನ್ನು ಸರ್ಜನ್ ಬಿಡಿಸುತ್ತಾನೆ. ನೀಲಿಗಟ್ಟಿದ್ದ ಮುಖಕ್ಕೆ ಗುಲಾಬಿ ಬಣ್ಣ ಏರುತ್ತದೆ. ಸುತ್ತ ನಿಂತವರ ಮುಖ ಅರಳುತ್ತದೆ, ನೋಡುವವರ ಕಣ್ಣು ತುಂಬುತ್ತದೆ. ನನ್ನ ಕಣ್ಣೂ ತುಂಬಿದೆ, ನೋಡಿದ ಪ್ರತಿ ಸಲವೂ. ಈ ಚಿತ್ರದ ಬಗ್ಗೆ ನನಗಿರುವ ತಕರಾರು ಆ ದೃಶ್ಯದ್ದಲ್ಲ. ಅದಾದ ಮೇಲೆ ಕ್ಯಾಮೆರಾ ಯಾರ ಹಿಂದೆ ಹೋಗುತ್ತದೆ ಎಂಬುದರದ್ದು.

ತಕರಾರಿಗೆ ಮುನ್ನ, ಕಥೆ ಗೊತ್ತಿಲ್ಲದವರಿಗಾಗಿ ಒಂದಿಷ್ಟು. ಕಾಯಿಲೆಯ ಹೆಸರು ‘ಟೆಟ್ರಾಲಜಿ ಆಫ್ ಫ್ಯಾಲೋ’. ಫ್ರಾನ್ಸಿನ ವೈದ್ಯ ಆರ್ಥರ್ ಫ್ಯಾಲೋ 1888ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟಿದ್ದರಿಂದ ಆತನ ಹೆಸರೇ ಕಾಯಿಲೆಗೂ ಅಂಟಿತು. ಮಗು ಹುಟ್ಟುವಾಗಲೇ ಹೃದಯದಲ್ಲಿ ನಾಲ್ಕು ದೋಷಗಳು ಒಟ್ಟಿಗೆ ಇರುತ್ತವೆ. ಶ್ವಾಸಕೋಶಕ್ಕೆ ರಕ್ತ ಒಯ್ಯುವ ಅಪಧಮನಿಯ ದಾರಿ ಕಿರಿದಾಗಿರುತ್ತದೆ. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು ಇರುತ್ತದೆ. ಮಹಾಪಧಮನಿ ತನ್ನ ಜಾಗ ಬಿಟ್ಟು ಆ ತೂತಿನ ಮೇಲಕ್ಕೆ ಸರಿದಿರುತ್ತದೆ. ಕಿರಿದಾದ ದಾರಿಯಲ್ಲಿ ರಕ್ತ ನೂಕಿ ನೂಕಿ ಬಲಗೋಣೆಯ ಸ್ನಾಯು ದಪ್ಪಗಾಗಿರುತ್ತದೆ. ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತದಲ್ಲಿ ಒಂದು ಪಾಲು ಅಲ್ಲಿಗೆ ಹೋಗದೆ, ಗಾಳಿ ಸೇರದೆ, ಹಾಗೆಯೇ ಮೈಗೆ ಹರಿಯುತ್ತದೆ. ಅದಕ್ಕೇ ನೀಲಿ.

ನಾನು ಈ ನಾಲ್ಕನ್ನೂ ಹೊತ್ತು ಹುಟ್ಟಿದವನು. ಆರನೇ ವಯಸ್ಸಿನಲ್ಲಿ ಆಪರೇಷನ್ ಆಯಿತು. ಹಾಗಾಗಿ ಇದು ತಟಸ್ಥ ವಿಮರ್ಶೆಯಲ್ಲ. ತಟಸ್ಥ ವಿಮರ್ಶೆ ಎಂಬುದೊಂದು ಇದೆಯೇ ಎಂಬ ಚರ್ಚೆಯನ್ನು ನಮ್ಮ ವಿಭಾಗದ ಕ್ಯಾಂಟೀನಿಗೆ ಬಿಟ್ಟಿದ್ದೇನೆ.

ಚಿತ್ರ ಹೇಳುವುದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಕಥೆ. ಮಕ್ಕಳ ವೈದ್ಯೆ ಹೆಲೆನ್ ಟೌಸಿಗ್ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮಕ್ಕಳ ಎದೆಯ ಮೇಲೆ ಕೈಯಿಟ್ಟು ಬಡಿತ ಗುರುತಿಸುತ್ತಿದ್ದರು. ಹುಟ್ಟುವ ಮೊದಲು ಎಲ್ಲ ಮಕ್ಕಳಲ್ಲೂ ಇದ್ದು, ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ಒಂದು ಪುಟ್ಟ ರಕ್ತನಾಳವಿದೆ. ಅದು ಇನ್ನೂ ತೆರೆದಿರುವಷ್ಟು ದಿನ ನೀಲಿ ಮಕ್ಕಳು ಸುಮಾರಾಗಿರುತ್ತವೆ, ಮುಚ್ಚಿತೆಂದರೆ ಕೆಡುತ್ತವೆ ಎಂಬುದನ್ನು ಆಕೆ ಕಂಡುಕೊಂಡರು. ಹಾಗಾದರೆ ಅಂಥದ್ದೊಂದು ನಾಳವನ್ನು ನಾವೇ ಏಕೆ ಕಟ್ಟಬಾರದು? ಈ ಪ್ರಶ್ನೆ ಸರ್ಜನ್ ಆಲ್ಫ್ರೆಡ್ ಬ್ಲಾಲಾಕ್ ಅವರ ಬಳಿ ಹೋಯಿತು. ಅದಕ್ಕೆ ಉತ್ತರವನ್ನು ನಾಯಿಗಳ ಮೇಲೆ ಪ್ರಯೋಗ ಮಾಡಿ, ಹೊಲಿದು ಬಿಚ್ಚಿ, ಬೇಕಾದ ಸಲಕರಣೆಗಳನ್ನು ತಾನೇ ರೂಪಿಸಿ ಸಿದ್ಧಪಡಿಸಿದವನು ಪ್ರಯೋಗಾಲಯದ ಸಹಾಯಕ ವಿವಿಯನ್ ಥಾಮಸ್. ಆತ ಕರಿಯ. ಬಡಗಿಯ ಮಗ, ತಾನೂ ಬಡಗಿ ಕೆಲಸ ಕಲಿತವನು. ಡಾಕ್ಟರಾಗಬೇಕೆಂದು ಕೂಡಿಟ್ಟ ಹಣ ಮಹಾ ಆರ್ಥಿಕ ಕುಸಿತದಲ್ಲಿ ಬ್ಯಾಂಕಿನೊಂದಿಗೆ ಮುಳುಗಿತ್ತು. ಆತನಿಗೆ ಕೊಟ್ಟ ಹುದ್ದೆ ಜಾಡಮಾಲಿಯದು. 1944ರ ನವೆಂಬರ್ 29ರಂದು ಹದಿನೈದು ತಿಂಗಳ ಐಲೀನ್ ಸ್ಯಾಕ್ಸನ್ ಎಂಬ ಮಗುವಿಗೆ ಮೊದಲ ಆಪರೇಷನ್ ನಡೆದಾಗ ಥಾಮಸ್ ಒಂದು ಮೆಟ್ಟಿಲ ಸ್ಟೂಲಿನ ಮೇಲೆ ಬ್ಲಾಲಾಕ್ ಬೆನ್ನ ಹಿಂದೆ ನಿಂತು, ಹೊಲಿಗೆ ಹೀಗಲ್ಲ ಹಾಗೆ ಎಂದು ಹೇಳುತ್ತಿದ್ದ. ತೋಳಿಗೆ ಹೋಗುವ ಅಪಧಮನಿಯನ್ನು ತಿರುಗಿಸಿ ಶ್ವಾಸಕೋಶದ ಅಪಧಮನಿಗೆ ಜೋಡಿಸುವುದು ಆ ಆಪರೇಷನ್ನಿನ ಸಾರ.

1945ರ ಮೇ ತಿಂಗಳಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಇದರ ವರದಿ ಬಂತು. ಲೇಖಕರು ಬ್ಲಾಲಾಕ್ ಮತ್ತು ಟೌಸಿಗ್. ಥಾಮಸ್ ಹೆಸರಿಲ್ಲ. ಚಿತ್ರದ ನೈತಿಕ ಬಲವೆಲ್ಲ ಈ ಗೈರುಹಾಜರಿಯಲ್ಲಿದೆ, ಮತ್ತು ಅದು ನ್ಯಾಯವೇ. ಮಾಸ್ ಡೆಫ್ ಆ ಪಾತ್ರವನ್ನು ತಗ್ಗಿದ ದನಿಯಲ್ಲಿ, ದವಡೆ ಬಿಗಿದು ಮಾಡಿದ್ದಾನೆ. ಥಾಮಸ್ ತಾನೇ ಬರೆದ ಆತ್ಮಕಥೆಯೂ ಇದೆ. 1985ರಲ್ಲಿ, ಆತ ತೀರಿಕೊಂಡ ಹೊತ್ತಿಗೆ ಪ್ರಕಟವಾಯಿತು. ಈಗ ‘ಪಾರ್ಟ್‌ನರ್ಸ್ ಆಫ್ ದ ಹಾರ್ಟ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಅರವಿಂದ ಮಾಲಗತ್ತಿಯವರ ‘ಗೌರ್ನಮೆಂಟ್ ಬ್ರಾಹ್ಮಣ’ದಂಥ ಆತ್ಮಕಥನಗಳನ್ನು ಓದಿ ಬೆಳೆದ ನಮಗೆ ಈ ಪುಸ್ತಕ ಮೊದಲಿಗೆ ಸಪ್ಪೆ ಎನಿಸುತ್ತದೆ. ಅವಮಾನದ ಪ್ರಸಂಗ ಬಂದಾಗಲೂ ಆತ ದನಿ ಏರಿಸುವುದಿಲ್ಲ. ಒಂದೆರಡು ವಾಕ್ಯದಲ್ಲಿ ಮುಗಿಸಿ ನಾಯಿಗಳ ಕಡೆಗೆ, ಹೊಲಿಗೆಯ ದಾರದ ಕಡೆಗೆ ಹೋಗಿಬಿಡುತ್ತಾನೆ. ಎರಡನೇ ಓದಿಗೆ ಆ ಸಪ್ಪೆತನವೇ ಹಿಡಿಸಿತು. ಕೆಲಸ ಗೊತ್ತಿರುವವನು ಕೆಲಸದ ಬಗ್ಗೆ ಬರೆಯುವ ರೀತಿ ಅದು. ಕೈಬೆರಳುಗಳ ಆತ್ಮಕಥೆ ಎನ್ನಬಹುದು.

ಆದರೆ ಎರಡರಲ್ಲೂ ನಾನು ಹುಡುಕಿದ್ದು ಬೇರೆ. ಐಲೀನ್ ಎಲ್ಲಿ?

ಆ ಮಗು ಬದುಕಿದ್ದು ಕೆಲವೇ ತಿಂಗಳು. ಮತ್ತೆ ನೀಲಿಗಟ್ಟಿತು, ಎರಡನೇ ಆಪರೇಷನ್ ಮಾಡಿದರು, ಅದಾದ ಮೇಲೆ ತೀರಿಕೊಂಡಿತು. ಇದನ್ನು ಯಾರೂ ಮುಚ್ಚಿಟ್ಟಿಲ್ಲ; ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಸಿನಿಮಾದ ಕಥನದ ಭಾರ ಅಲ್ಲಿ ಬೀಳುವುದಿಲ್ಲ. ಕಥೆ ಹೊರಟಿರುವುದು ಇನ್ನೊಂದು ಊರಿಗೆ: ಥಾಮಸ್‌ಗೆ ಸಿಗುವ ಗೌರವ ಡಾಕ್ಟರೇಟಿಗೆ, ಗೋಡೆಯ ಮೇಲೆ ಬ್ಲಾಲಾಕ್ ಚಿತ್ರದ ಜೊತೆಗೆ ಏರುವ ಆತನ ಚಿತ್ರಕ್ಕೆ. ಮರೆತವನ ಮುಖವನ್ನು ಗೋಡೆಗೆ ಮರಳಿಸಿದರೆ ಕಥೆಗೆ ತೃಪ್ತಿ. ಈ ಇತಿಹಾಸವನ್ನೆಲ್ಲ ಓದುವಾಗ ನನಗೆ ಸಿಕ್ಕ, ರೋಗಿಯೇ ಆಡಿದ ಮಾತು ಒಂದೇ ಒಂದು. ಮೂರನೆಯ ರೋಗಿ ಆರು ವರ್ಷದ ಹುಡುಗ, ನಡೆಯಲೂ ಆಗದಷ್ಟು ಸೋತಿದ್ದವನು. ಎಚ್ಚರವಾದ ಕೂಡಲೇ ಅವನು ಕೇಳಿದ್ದು, ಆಪರೇಷನ್ ಮುಗಿಯಿತೇ, ಇನ್ನು ಏಳಬಹುದೇ ಎಂದು. ಟೌಸಿಗ್ ಅದನ್ನು ನೆನಪಿಟ್ಟುಕೊಂಡು ಹೇಳಿದ್ದರಿಂದ ಅದು ಉಳಿದಿದೆ. ಎದ್ದ ಮೇಲೆ ಅವನು ಎಲ್ಲಿಗೆ ಹೋದ, ಎಷ್ಟು ವರ್ಷ ನಡೆದ, ನಲವತ್ತಾದಾಗ ಅವನ ಎದೆ ಹೇಗಿತ್ತು ಎಂಬುದು ಈ ಕಥೆಯ ಕೆಲಸವಲ್ಲ.

ಇಲ್ಲಿ ಬಣ್ಣದ ಬಗ್ಗೆಯೂ ಒಂದು ಮಾತು. ಸಿನಿಮಾಕ್ಕೆ ನೀಲಿಯಿಂದ ಗುಲಾಬಿಗೆ ತಿರುಗುವ ಮೈ ಬೇಕು, ಅಂದರೆ ಬಿಳಿಯ ಮೈ ಬೇಕು. ಕರಿಯನೊಬ್ಬನ ಕೈಚಳಕದ ಕಥೆ ಬಿಳಿ ತುಟಿಯ ಮೇಲೆ ಕಾಣಿಸಿಕೊಳ್ಳಬೇಕಾದ ವಿಪರ್ಯಾಸವನ್ನು ಚಿತ್ರ ಗಮನಿಸಿದಂತಿಲ್ಲ. ನಮ್ಮಂಥವರ ಚರ್ಮದಲ್ಲಿ ಈ ನೀಲಿ ಸುಲಭವಾಗಿ ಕಾಣುವುದಿಲ್ಲ. ವೈದ್ಯರು ನಾಲಿಗೆ ನೋಡುತ್ತಾರೆ, ಉಗುರು ನೋಡುತ್ತಾರೆ. ನಮ್ಮವ್ವ ‘ನೀಲಿ’ ಎಂಬ ಪದವನ್ನು ಒಮ್ಮೆಯೂ ಬಳಸಿದವಳಲ್ಲ. ಅವಳು ಡಾಕ್ಟರಿಗೆ ಹೇಳುತ್ತಿದ್ದದ್ದು, ‘ಅತ್ತರೆ ತುಟಿ ನೇರಳೆಹಣ್ಣು ತಿಂದಂಗಾಗ್ತದೆ ಸಾರ್’ ಅಂತ. ಶಾಲೆಯಲ್ಲಿ ಒಬ್ಬ ಮೇಷ್ಟ್ರು ತರಗತಿಯಲ್ಲಿ ನೇರಳೆಹಣ್ಣು ತಿಂದೆಯಾ ಎಂದು ಗದರಿದ್ದೂ ಉಂಟು. ಓಡಿ ಸುಸ್ತಾದಾಗ ನಾನು ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದೆ. ಹಾಗೆ ಕೂತರೆ ಕಾಲಿನ ಅಪಧಮನಿಗಳು ಮಡಿಚಿಕೊಂಡು, ಮೈಯತ್ತ ಹೋಗುವ ರಕ್ತಕ್ಕೆ ತಡೆ ಹೆಚ್ಚಿ, ಶ್ವಾಸಕೋಶದ ಕಡೆಗೆ ಸ್ವಲ್ಪ ಹೆಚ್ಚು ರಕ್ತ ಹೋಗುತ್ತದೆ. ಈ ಕಾಯಿಲೆಯ ಮಕ್ಕಳು ಯಾರೂ ಕಲಿಸದೆಯೇ ಇದನ್ನು ಕಲಿತಿರುತ್ತವೆ. ಬಾಲ್ಟಿಮೋರಿನಲ್ಲಿ ಮಗು ಹಾಗೆ ಕೂತರೆ ಟೌಸಿಗ್‌ಗೆ ಅದೊಂದು ಲಕ್ಷಣ. ಊರ ಕಟ್ಟೆಯ ತುಂಬ ಜನ ಕುಕ್ಕರುಗಾಲಲ್ಲೇ ಕೂತು ಬೀಡಿ ಸೇದುವ ನಮ್ಮ ಕಡೆ ಅದು ಯಾರ ಕಣ್ಣಿಗೆ ಬೀಳಬೇಕು?

ಕಾಯಿಲೆಯ ಬರವಣಿಗೆಯನ್ನು ಅಧ್ಯಯನ ಮಾಡುವವರು ಬೇಗನೆ ಆರ್ಥರ್ ಫ್ರಾಂಕ್ ಅವರ ‘ದ ವೂಂಡೆಡ್ ಸ್ಟೋರಿಟೆಲರ್’ (1995) ಪುಸ್ತಕಕ್ಕೆ ಬಂದು ಮುಟ್ಟುತ್ತಾರೆ. ಫ್ರಾಂಕ್ ಸ್ವತಃ ಹೃದಯಾಘಾತ, ಕ್ಯಾನ್ಸರ್ ಎರಡನ್ನೂ ಕಂಡವರು. ರೋಗಿಗಳು ಹೇಳುವ ಕಥೆಗಳಲ್ಲಿ ಆತ ಮೂರು ಬಗೆ ಗುರುತಿಸುತ್ತಾರೆ: ಕಳೆದ ಆರೋಗ್ಯ ಮರಳಿ ಸಿಗುವ ಕಥೆ, ಏನೂ ಕೂಡಿಬರದ ಗೊಂದಲದ ಕಥೆ, ಕಾಯಿಲೆಯಿಂದ ಏನನ್ನೋ ಪಡೆದು ಬರುವ ಹುಡುಕಾಟದ ಕಥೆ. ಆಸ್ಪತ್ರೆಗೂ ಸಮಾಜಕ್ಕೂ ಇಷ್ಟವಾಗುವುದು ಮೊದಲನೆಯದು. ವಿಂಗಡಣೆ ಉಪಯುಕ್ತ. ಆದರೆ ಹುಟ್ಟುತ್ತಲೇ ಬಂದ ದೋಷದ ಎದುರು ಅದರ ಮೊದಲ ಬಗೆ ಕಾಲು ಊರುವುದಿಲ್ಲ. ಮರಳಿ ಸಿಗಬೇಕಾದರೆ ಮೊದಲು ಇದ್ದಿರಬೇಕಲ್ಲ? ನನಗೆ ‘ಮೊದಲು’ ಎಂಬುದೇ ಇಲ್ಲ. ಸೂಸನ್ ಸಾಂಟ್ಯಾಗ್ ಕಾಯಿಲೆಯನ್ನು ಇನ್ನೊಂದು ದೇಶದ ಪೌರತ್ವವೆಂದು ನೋಡುತ್ತಾರೆ. ವಲಸೆ ಹೋಗುವುದಕ್ಕೆ ಮೊದಲೊಂದು ಊರು ಬೇಕು, ಅಲ್ಲೇ ಹುಟ್ಟಿದವನ ಮಾತೇನು? ಹೃದಯ ಕಸಿಯಾದ ಮೇಲೆ ಫ್ರೆಂಚ್ ತತ್ವಜ್ಞಾನಿ ಜಾನ್‌ಲುಕ್ ನಾನ್ಸಿ ಬರೆದ ‘ದ ಇಂಟ್ರೂಡರ್’ ನಾನು ಬಹಳ ಮೆಚ್ಚುವ ಕಿರುಬರಹ. ಅಲ್ಲೂ ಇಷ್ಟು ವರ್ಷ ತನ್ನದಾಗಿದ್ದ ಹೃದಯವೇ ಒಂದು ದಿನ ಪರಕೀಯವಾಗುತ್ತದೆ, ಆಮೇಲೆ ಪರರ ಹೃದಯ ಒಳಗೆ ಬರುತ್ತದೆ. ನನ್ನ ವಿಷಯದಲ್ಲಿ ಒಳನುಗ್ಗಿದವರು ಯಾರೂ ಇಲ್ಲ. ಆ ತೂತೂ ನಾನೇ.

ಫ್ರಾಂಕ್‌ಗೆ ಅನ್ಯಾಯ ಮಾಡಬಾರದು. ಗುಣವಾದರೂ ಎಂದೂ ಪೂರ್ತಿ ಗುಣವಾದರೆಂದು ಹೇಳಲಾಗದವರ ದೊಡ್ಡದೊಂದು ಸಮಾಜವಿದೆ ಎಂದು ಆತ ಅದೇ ಪುಸ್ತಕದಲ್ಲಿ ಬರೆದಿದ್ದಾರೆ. ನನ್ನ ವಿಳಾಸ ಅಲ್ಲೇ. ಆದರೆ ಆ ಸಮಾಜಕ್ಕೆ ತಕ್ಕ ಕಥನದ ಆಕಾರ ಯಾವುದೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಇದು ಬರೀ ಸಾಹಿತ್ಯದ ಪ್ರಶ್ನೆಯಲ್ಲ ಎಂದು ತೋರಿಸಲು ಎರಡು ಪದಗಳು ಸಾಕು. ಫ್ಯಾಲೋ ಕಾಯಿಲೆಗೆ ಈಗ ಮಾಡುವ ಪೂರ್ಣ ಶಸ್ತ್ರಚಿಕಿತ್ಸೆಯನ್ನು ನಮ್ಮಲ್ಲಿ ಎಷ್ಟೋ ಡಿಸ್ಚಾರ್ಜ್ ಚೀಟಿಗಳಲ್ಲಿ ‘ಟೋಟಲ್ ಕರೆಕ್ಷನ್’ ಎಂದು ಬರೆಯುತ್ತಾರೆ. 1954ರಲ್ಲಿ ಮಿನೆಸೋಟಾದಲ್ಲಿ ವಾಲ್ಟನ್ ಲಿಲೆಹೈ ಇದನ್ನು ಮೊದಲು ಮಾಡಿದಾಗ ಹೃದಯ-ಶ್ವಾಸಕೋಶ ಯಂತ್ರವನ್ನೂ ಬಳಸಿರಲಿಲ್ಲ. ಆತ ಮಕ್ಕಳ ರಕ್ತನಾಳವನ್ನು ಪಕ್ಕದಲ್ಲಿ ಮಲಗಿದ ಇನ್ನೊಬ್ಬ ಆರೋಗ್ಯವಂತರ ರಕ್ತನಾಳಕ್ಕೆ ಜೋಡಿಸುತ್ತಿದ್ದ, ಎಷ್ಟೋ ಸಲ ಅಪ್ಪ ಅಥವಾ ಅಮ್ಮನಿಗೆ. ಒಂದು ಹೃದಯ ಇಬ್ಬರಿಗೆ ಬಡಿಯುತ್ತಿತ್ತು. (ಇದರ ಬಗ್ಗೆ ಕನ್ನಡದಲ್ಲಿ ಯಾರೂ ನಾಟಕ ಬರೆಯದಿರುವುದು ಆಶ್ಚರ್ಯ.) ಗೋಡೆಯ ತೂತಿಗೆ ತೇಪೆ ಹಾಕುತ್ತಾರೆ, ಕಿರಿದಾದ ದಾರಿಯನ್ನು ಕತ್ತರಿಸಿ ಅಗಲ ಮಾಡುತ್ತಾರೆ. ಅಗಲ ಮಾಡುವಾಗ ಅನೇಕ ಸಲ ಅಲ್ಲಿನ ಕವಾಟವನ್ನೂ ಸೀಳಬೇಕಾಗುತ್ತದೆ. ಮಗು ಓಡಾಡುತ್ತದೆ, ಶಾಲೆಗೆ ಹೋಗುತ್ತದೆ. ಆದರೆ ಆ ಕವಾಟ ಸರಿಯಾಗಿ ಮುಚ್ಚದೆ, ಮುಂದಕ್ಕೆ ಹೋದ ರಕ್ತ ಹಿಂದಕ್ಕೆ ಸೋರುತ್ತಲೇ ಇರುತ್ತದೆ. ಹತ್ತು, ಇಪ್ಪತ್ತು, ಮೂವತ್ತು ವರ್ಷಗಳಲ್ಲಿ ಬಲಗೋಣೆ ಹಿಗ್ಗುತ್ತ ಹೋಗುತ್ತದೆ, ಬಡಿತದ ಲಯ ತಪ್ಪಬಹುದು. ಹಿಗ್ಗಿದ್ದು ಕೈಮೀರುವ ಮೊದಲು ಹೊಸ ಕವಾಟ ಹಾಕಬೇಕು. ಯಾವಾಗ ಎಂದು ತಿಳಿಯಲು ಕಾಲಕಾಲಕ್ಕೆ ಎಕೋ, ಎಂಆರ್‌ಐ ಆಗಬೇಕು. ಇದು ಜೀವನಪೂರ್ತಿ.

ಗ್ರಂಥಸಂಪಾದನೆ ಓದಿದವರಿಗೆ ‘ಟೋಟಲ್ ಕರೆಕ್ಷನ್’ ಎಂಬ ಪದದ ಮೇಲೆ ಅನುಮಾನ ಬರಬೇಕು. ಯಾವ ಸಂಪಾದಕನೂ ತನ್ನ ಪರಿಷ್ಕರಣಕ್ಕೆ ‘ಸಂಪೂರ್ಣ ತಿದ್ದಿದ್ದು’ ಎಂದು ಹೆಸರಿಡುವುದಿಲ್ಲ. ಒಂದು ಪಾಠವನ್ನು ಸರಿಮಾಡಲು ಹೋದರೆ ಇನ್ನೊಂದು ಕಡೆ ಛಂದಸ್ಸು ಸೋರುತ್ತದೆಂದು ಅವನಿಗೆ ಗೊತ್ತು. ಇಂಗ್ಲಿಷಿನ ಬರಹಗಳಲ್ಲಿ ಹೆಚ್ಚಾಗಿ ‘ರಿಪೇರ್’ ಎನ್ನುತ್ತಾರೆ, ಅದು ಸ್ವಲ್ಪ ವಿನಯದ ಮಾತು. ರಿಪೇರಿ ಮಾಡಿಸಿದ ಸೈಕಲ್ಲನ್ನು ಮತ್ತೆ ಅಂಗಡಿಗೆ ಒಯ್ಯಬೇಕಾಗುತ್ತದೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಪದಗಳು ಕನ್ನಡಕ್ಕೆ ಬರುವ ಹೊತ್ತಿಗೆ, ವಾರ್ಡಿನ ಬಾಗಿಲಲ್ಲಿ ನಿಂತ ತಂದೆತಾಯಿಯ ಕಿವಿಗೆ ಬೀಳುವ ಹೊತ್ತಿಗೆ, ಉಳಿಯುವುದು ಒಂದೇ ಪದ: ಗುಣ. ‘ಗುಣ ಆಯ್ತು ಬಿಡಿ, ಇನ್ನೇನೂ ಭಯ ಇಲ್ಲ.’ ಸಿನಿಮಾದಲ್ಲಿ ತುಟಿ ಗುಲಾಬಿಯಾದಂತೆಯೇ ಇದೂ. ಅಲ್ಲಿಗೆ ಕಥೆ ಮುಗಿದರೆ ಮುಂದಿನ ತಪಾಸಣೆಗೆ ಯಾರು ಬರುತ್ತಾರೆ? ಮುಗಿದ ಕಥೆಯೊಳಕ್ಕೆ ಯಾರೂ ಬಸ್ ಚಾರ್ಜು ಕೊಟ್ಟು ವಾಪಸು ಹೋಗುವುದಿಲ್ಲ.

ನಮ್ಮದೇ ಭಾಷೆಯಲ್ಲಿ ಈ ಕಾಯಿಲೆಗೆ ಇರುವ ಮುಖ್ಯ ಸಾಹಿತ್ಯ ಪ್ರಕಾರ ಕಾದಂಬರಿಯಲ್ಲ, ಕಥೆಯಲ್ಲ. ಪತ್ರಿಕೆಗಳ ಒಳಪುಟದಲ್ಲಿ ಬರುವ ‘ಚಿಕಿತ್ಸೆಗೆ ನೆರವು ನೀಡಲು ಮನವಿ’. ನಗೆಚಾಟಿಕೆಗೆ ಹೇಳುತ್ತಿಲ್ಲ. ಅದಕ್ಕೆ ಪ್ರಕಾರವೊಂದಕ್ಕೆ ಬೇಕಾದ ಎಲ್ಲ ಲಕ್ಷಣಗಳೂ ಇವೆ. ಮೊದಲು ಪಾಸ್‌ಪೋರ್ಟ್ ಅಳತೆಯ ಚಿತ್ರ. ನಂತರ ಊರು, ತಾಲ್ಲೂಕು, ಕೂಲಿ ಮಾಡುವ ತಂದೆ. ‘ಹೃದಯದಲ್ಲಿ ರಂಧ್ರವಿರುವ’ ಎಂಬ ವಿಶೇಷಣ. ವೈದ್ಯರು ಹೇಳಿದ ಮೊತ್ತ. ‘ದಾನಿಗಳು ನೆರವಾಗಬೇಕೆಂದು ಕೋರಿದ್ದಾರೆ’ ಎಂಬ ಮುಕ್ತಾಯ, ಬ್ಯಾಂಕ್ ಖಾತೆಯ ಸಂಖ್ಯೆ. ನೂರು ಪದದೊಳಗೆ ಒಂದು ಬದುಕು. ಕ್ರಿಯಾಪದಗಳೆಲ್ಲ ಮಗುವಿನ ಸುತ್ತಲಿನವರವು; ಮಗು ಏನೂ ಮಾಡುವುದಿಲ್ಲ, ‘ಬಳಲುತ್ತಿದೆ’ ಅಷ್ಟೆ. ಈ ಪ್ರಕಾರಕ್ಕೆ ಎರಡನೇ ಭಾಗ ಇರುವುದಿಲ್ಲ. ಹಣ ಕೂಡಿತೇ, ಆಪರೇಷನ್ ಆಯಿತೇ, ಮಗು ಈಗ ಎಷ್ಟನೇ ಕ್ಲಾಸು ಎಂದು ಪತ್ರಿಕೆ ಮತ್ತೆ ಬರೆಯುವುದು ಅಪರೂಪ. ನನ್ನದೂ ಇಂಥದ್ದೊಂದು ಬಂದಿತ್ತು. ಅಪ್ಪ ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ. ಅದರಲ್ಲಿ ನನ್ನ ವಯಸ್ಸು ತಪ್ಪಾಗಿದೆ.

ನಮ್ಮ ಜನಪ್ರಿಯ ಸಿನಿಮಾ ಇದೇ ಮನವಿಯನ್ನು ಎರಡೂವರೆ ಗಂಟೆಗೆ ಹಿಗ್ಗಿಸುತ್ತದೆ. ತಂಗಿಗೋ ಮಗುವಿಗೋ ಹಾರ್ಟಲ್ಲಿ ಹೋಲು, ನಾಯಕನಿಗೆ ದುಡ್ಡು ಬೇಕು, ದುಡ್ಡಿಗಾಗಿ ಅವನು ಮಾಡಬಾರದ್ದು ಮಾಡುತ್ತಾನೆ, ಥಿಯೇಟರಿನ ಕೆಂಪು ದೀಪ ಆರುತ್ತದೆ, ಡಾಕ್ಟರು ಕನ್ನಡಕ ತೆಗೆಯುತ್ತಾರೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿದೆ. ಸರ್ಕಾರದ ಯೋಜನೆಗಳಿಗೂ ಒಂದು ಕಥನ ಕ್ರಮವಿದೆ ಎಂಬುದನ್ನು ಮಾತ್ರ ಸೇರಿಸುತ್ತೇನೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ ಇಂಥ ದೋಷಗಳನ್ನು ಗುರುತಿಸುತ್ತದೆ. ಒಳ್ಳೆಯ ಕೆಲಸ, ನನ್ನ ಕಾಲಕ್ಕೆ ಅದು ಇರಲಿಲ್ಲ. ಅದರ ವ್ಯಾಪ್ತಿ ಹದಿನೆಂಟು ವರ್ಷದವರೆಗೆ. ಕವಾಟ ಕೇಳುವ ವಯಸ್ಸು ಬಹಳ ಸಲ ಅದರ ಆಚೆಗಿರುತ್ತದೆ.

ಹಾಗಾದರೆ ಬೇರೆ ಬಗೆಯಲ್ಲಿ ಬರೆಯಲು ಸಾಧ್ಯವೇ? ಹುಟ್ಟಿನಿಂದ ಇದೇ ಕಾಯಿಲೆಯಿದ್ದ ಅಮೆರಿಕದ ಶಾನ್ ವೈಟ್ ಹಿಮದ ಹಲಗೆಯಾಟದಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ. ಸಂತೋಷ. ಆದರೆ ಆ ಸ್ಫೂರ್ತಿಯ ಕಥೆಗಳಲ್ಲಿ ಎದೆಯ ಗಾಯ ಪದಕಕ್ಕೆ ಹಿನ್ನೆಲೆ ಅಷ್ಟೆ, ಮತ್ತು ನಾನು ಪಿಎಚ್‌ಡಿ ಮಾಡುತ್ತಿರುವವನು, ಹಿಮ ನೋಡಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಕಾದಂಬರಿಕಾರ ಗೇಬ್ರಿಯಲ್ ಬ್ರೌನ್‌ಸ್ಟೈನ್ 2019ರಲ್ಲಿ ಪ್ರಕಟಿಸಿದ ‘ದಿ ಓಪನ್ ಹಾರ್ಟ್ ಕ್ಲಬ್’. ಆತ ಇದೇ ಕಾಯಿಲೆಯೊಂದಿಗೆ ಹುಟ್ಟಿದವನು. ಪುಸ್ತಕದಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ಇತಿಹಾಸವೂ ಆತನ ಸ್ವಂತ ಬದುಕೂ ಹೆಣೆದುಕೊಂಡಿವೆ. ಬಾಲ್ಯದ ಆಪರೇಷನ್ ಅಲ್ಲಿ ಮುಕ್ತಾಯವಲ್ಲ. ನಡುವಯಸ್ಸಿನ ಮೈ, ತಪಾಸಣೆ, ಭಯ ಎಲ್ಲವೂ ಕಥೆಯೊಳಗೇ ಇವೆ. ಟೌಸಿಗ್, ಬ್ಲಾಲಾಕ್, ಥಾಮಸ್ ಮತ್ತೆ ಬರುತ್ತಾರೆ, ಆದರೆ ಈ ಸಲ ಅವರನ್ನು ನೋಡುತ್ತಿರುವುದು ಮೇಜಿನ ಮೇಲೆ ಮಲಗಿದ್ದವನ ಕಣ್ಣು. ಪುಸ್ತಕಕ್ಕೆ ದೋಷಗಳಿವೆ. ಇತಿಹಾಸದ ಭಾಗಗಳು ಕೆಲವೆಡೆ ಉಪಕಥೆಗಳಲ್ಲಿ ಕಳೆದುಹೋಗುತ್ತವೆ. ಮಹಾಪುರುಷರ ಮೋಹ ಆತನನ್ನೂ ಬಿಟ್ಟಿಲ್ಲ. ಆದರೂ ಒಂದು ಕೆಲಸ ಆಗಿದೆ. ತಪಾಸಣೆಗೆ ಹೋಗುವುದು, ಕಾಯುವುದು, ಸಂಖ್ಯೆ ಕೇಳಿಸಿಕೊಳ್ಳುವುದು, ಮನೆಗೆ ಬಂದು ಸಾರು ಮಾಡುವುದು – ಏನೂ ಘಟಿಸದ ಈ ದಿನಗಳಿಗೆ ಗದ್ಯದಲ್ಲಿ ಜಾಗ ಸಿಕ್ಕಿದೆ. ದಿನಚರಿಗೆ, ಲಹರಿಗೆ, ಮುಗಿಯದ ಪತ್ರಕ್ಕೆ ಹತ್ತಿರವಾದ ಗದ್ಯ. ಕನ್ನಡದಲ್ಲಿ ಅಂಥ ಗದ್ಯಕ್ಕೆ ಬಡತನವಿಲ್ಲ. ಅದನ್ನು ಆಸ್ಪತ್ರೆಯ ಕಾರಿಡಾರಿಗೆ ಇನ್ನೂ ಹೆಚ್ಚು ಜನ ಒಯ್ದಿಲ್ಲ, ಅಷ್ಟೆ.

ಕಳೆದ ವರ್ಷದ ತಪಾಸಣೆಯ ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಮೂವತ್ತೈದು ದಾಟಿದ ಹೆಂಗಸೊಬ್ಬರು ಕೂತಿದ್ದರು. ಚಿಕ್ಕಂದಿನಲ್ಲಿ ಆಪರೇಷನ್ ಆಗಿತ್ತು, ಆಮೇಲೆ ಬಂದದ್ದು ಇದೇ ಮೊದಲು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದರು. ‘ಗುಣ ಆಗದೆ ಅಂದಿದ್ರಲ್ಲ, ಮತ್ಯಾಕೆ ಬರಬೇಕು ಅಂತ ನಮ್ಮಪ್ಪಾರು ಸುಮ್ಮನಾಗಿದ್ರು ಕಣಪ್ಪ’ ಎಂದರು. ಒಳಗೆ ಕರೆದಾಗ ಬಾಗಿಲು ಅರ್ಧ ತೆರೆದೇ ಇತ್ತು. ಹಳೆಯ ಡಿಸ್ಚಾರ್ಜ್ ಚೀಟಿ ಕೇಳಿದರು ಡಾಕ್ಟರು. ಮನೆ ಬದಲಿಸುವಾಗ ಅದು ಹೋಗಿತ್ತು. ಆಕೆ ಪರ್ಸಿನಿಂದ ಮಡಿಚಿದ ಪತ್ರಿಕೆಯ ತುಣುಕೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಪೂರ್ತಿ ಓದಿದರು. ಊರಿನ ಹೆಸರಿತ್ತು, ತಂದೆಯ ಕೆಲಸವಿತ್ತು, ಬೇಕಾದ ಮೊತ್ತವಿತ್ತು, ಖಾತೆ ಸಂಖ್ಯೆಯಿತ್ತು. ಒಳಗೆ ಏನನ್ನು ಕತ್ತರಿಸಿದ್ದರು, ಎಲ್ಲಿ ತೇಪೆ ಹಾಕಿದ್ದರು ಎಂಬುದು ಇರಲಿಲ್ಲ. ತುಣುಕನ್ನು ಮಡಿಚಿ ವಾಪಸು ಕೊಟ್ಟು, ಎಂಆರ್‌ಐಗೆ ತಾರೀಕು ಬರೆದರು.